ಹಳೆಯ ಪೋರ್ಷೆ 944: ಬಣ್ಣ ಆಮೇಲೆ, ಮೊದಲು ಬೆಲ್ಟ್

ದಾವಣಗೆರೆ, ಚಿತ್ರದುರ್ಗದ ಹಳೆಯ ಕಾರುಪ್ರೇಮಿಗಳಲ್ಲಿ ಒಂದು ವಿನಂತಿ. ಪೋರ್ಷೆ 944 ಕೂಪೆಯನ್ನು ಬಹುಕಾಲ ಇಟ್ಟುಕೊಳ್ಳುವ ಆಸೆಯಿದ್ದರೆ ಪಾಲಿಶ್, ಸೀಟಿನ ಹೊದಿಕೆ ಎಲ್ಲ ಆಮೇಲೆ. ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳ ಚಲನೆಯನ್ನು ಪಿಸ್ಟನ್‌ಗಳ ಚಲನೆಗೆ ಹೊಂದಿಸುವ ರಬ್ಬರ್ ಪಟ್ಟಿ, ಬದಲಿಸಿದ ಬಿಲ್ ಮೊದಲು ಹುಡುಕಿ. ಸಿಗದಿದ್ದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಕಾರು ಷೆಡ್ಡಿನಲ್ಲೇ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹಾಗಾಗಿ ಕಡಿಮೆ ಓಡಿದೆ ಎಂಬ ಸಮಾಧಾನ ಬೇಡ, ನಾಲ್ಕು ವರ್ಷಕ್ಕೊಮ್ಮೆ ಬದಲಿಸಿ. ಎಂಜಿನ್ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ನ ಬೆಲ್ಟ್ ಮತ್ತು ಬೆಲ್ಟ್‌ಗಳು ಸುತ್ತುವ ರೋಲರ್‌ಗಳನ್ನೂ ಜೊತೆಗೇ ಹಾಕಿಸಿ. ವಾಟರ್ ಪಂಪ್ ತಿರುಗುವುದೂ ಟೈಮಿಂಗ್ ಬೆಲ್ಟ್‌ನಿಂದಲೇ. ಅದು ಸೋರುತ್ತಿದ್ದರೆ, ಸದ್ದು ಮಾಡುತ್ತಿದ್ದರೆ ಆಗಲೇ ಬದಲಿಸಿಬಿಡಿ. ಎರಡೆರಡು ಸಲ ಬಿಚ್ಚುವ ಕೂಲಿ ಉಳಿಯುತ್ತದೆ. ಹೊಸ ಬೆಲ್ಟ್ ಸ್ವಲ್ಪ ಓಡಿದ ಮೇಲೆ ಬಿಗಿತವನ್ನು ಮತ್ತೆ ನೋಡಿಸಲೇಬೇಕು. ಇದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿಡಿ.

ಇನ್ನು ಪೆಟ್ರೋಲ್ ಪೈಪ್. 1982ರಿಂದ 1991ರವರೆಗೆ ತಯಾರಾದ ಈ ಕಾರಿನ ಮೂಲ ರಬ್ಬರ್, ಶೇ 20ರಷ್ಟು ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿಗೆಂದು ಮಾಡಿದ್ದಲ್ಲ. ಮೇಲಾಗಿ ನಮ್ಮ ಕಡೆಯ ಏಪ್ರಿಲ್ ಬಿಸಿಲು ಗೊತ್ತೇ ಇದೆ. ಎಂಜಿನ್ ತಣ್ಣಗಿರುವಾಗ ಪೈಪನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿ, ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ, ಪೆಟ್ರೋಲ್ ವಾಸನೆ ಬಂದರೂ ಕಾರು ಹೊರಗೆ ತೆಗೆಯಬೇಡಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗಿದರೆ ಬೆಂಕಿಯೇ. ಎಥೆನಾಲ್ ತಡೆಯುವ, ಇಂಜೆಕ್ಷನ್ ಒತ್ತಡಕ್ಕೆ ತಕ್ಕ ಪೈಪನ್ನೇ ಕೇಳಿ ತರಿಸಿ. ಅಗ್ಗದ್ದು ಬೇಡವೇ ಬೇಡ.

ಟೈರಿನ ಪಕ್ಕದ ನಾಲ್ಕಂಕಿಯನ್ನೂ ಓದಿ: 2319 ಎಂದರೆ 2019ರ 23ನೇ ವಾರ ತಯಾರಾದ ಟೈರ್. ಹೆದ್ದಾರಿ 48ರಲ್ಲಿ ವೇಗವಾಗಿ ಓಡಿಸುವವರು ಹಳೆಯ ಟೈರ್ ನಂಬಬಾರದು.