ಗೂಟದ ಮೇಲಿನ ರುಮಾಲು

ಆಯಿಯ, ಅಂದರೆ ನನ್ನ ಅಜ್ಜಿಯ, ಕಥೆ ಬರೆದಿಡಬೇಕು ಅಂತ ಆಳಂದ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಅವಳಿಗೆ ಎಂಬತ್ನಾಲ್ಕು. ಕೈಯಲ್ಲೊಂದು ನೋಟ್‌ಬುಕ್ಕು, ಮೊಬೈಲು. "ನಿನ್ನ ಜೀವನ ಹೇಳು ಆಯಿ" ಅಂದೆ.

"ನಂದೇನದ ಯವ್ವಾ? ನಿಮ್ಮ ಮುತ್ಯಾಂದು ಹೇಳ್ತೀನಿ, ಬರಕೊ."

ಮೂರು ದಿನ ಮುತ್ಯಾನ, ಅಂದರೆ ಅಜ್ಜನ, ಕಥೆಯೇ ನಡೆಯಿತು. ಹೈದರಾಬಾದ್ ನಿಜಾಮನ ಪರ ನಿಂತ ರಜಾಕಾರರ ಗದ್ದಲದಲ್ಲಿ ಅವರು ಸೋಲಾಪುರದ ಕಡೆ ಹೋದದ್ದು, ಆ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಪೊಲೀಸ್ ಕಾರ್ಯಾಚರಣೆ ಆದಮೇಲೆ ಹೊಳ್ಳಿ ಬಂದದ್ದು. ಆಗ ಆಯಿ ಎಲ್ಲಿದ್ದಳು? ಅದೊಂದು ಬಿಟ್ಟು ಎಲ್ಲ ಇತ್ತು. ತಪ್ಪು ನನ್ನ ಪ್ರಶ್ನೆಯದೇ. ಜೀವನ ಅಂದರೆ ಹೊಸ್ತಿಲು ದಾಟಿ ಓಡಾಡಿದವರದ್ದು ಅಂತ ಅವಳ ಲೆಕ್ಕ.

ಆಗ ನಾನು ಬಂಗಾಳದ ರಾಸಸುಂದರಿ ದೇವಿಯ ಆತ್ಮಕಥೆ 'ಆಮಾರ್ ಜೀಬನ್' ಓದುತ್ತಿದ್ದೆ. 1876ರಲ್ಲಿ ಅಚ್ಚಾದದ್ದು. ಸಂತ ಚೈತನ್ಯರ ಚರಿತ್ರೆ ಹೇಳುವ 'ಚೈತನ್ಯ ಭಾಗವತ'ದ ಒಂದು ಹಾಳೆಯನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟು, ಮಗ ತಾಳೆಗರಿ ಮೇಲೆ ಬರೆದ ಅಕ್ಷರಕ್ಕೆ ಹೋಲಿಸಿ ಹೋಲಿಸಿ ಓದು ಕಲಿತ ಹೆಂಗಸು. ಆಕೆಗೆ ಗಂಡನ ಕುದುರೆ ಎದುರು ಬರುವುದಕ್ಕೂ ನಾಚಿಕೆ. ಅಂಗಳದಲ್ಲಿ ಅದು ಭತ್ತ ಮೇಯುತ್ತಿದ್ದರೂ ಒಳಗೇ ನಿಂತಿದ್ದಳಂತೆ. ಮೊರ ಹಿಡಿದು ಬೇಳೆ ಹಸನು ಮಾಡುತ್ತಿದ್ದ ಆಯಿಗೆ ಸುಮ್ನೆ ಇದನ್ನು ಹೇಳಿದೆ.

ಮೊರ ನಿಂತಿತು. ನಗು ಶುರುವಾಯಿತು.

"ನಮ್ಮ ಮಾವನೋರ ರುಮಾಲ ಗೂಟಕ್ಕ ಇರ್ತಿತ್ತು. ಮನ್ಯಾಗ ಯಾರೂ ಇರ್ತಿರಲಿಲ್ಲ. ಆದ್ರೂ ನಾ ಅದರ ಮುಂದ ಸೆರಗ ಎಳಕೊಂಡೇ ಹೋಗ್ತಿದ್ನಿ!"

ಅದು ಅವಳ ಬಾಯಿಂದ ಬಂದ ಮೊದಲ "ನಾ".

ಆಮೇಲೆ ಪ್ರಶ್ನೆ ಬದಲಿಸಿದೆ. ಎಲ್ಲಿ ಮಲಗ್ತಿದ್ದಿ? ಮದುವೆ ಸೀರೆ ಯಾರು ಆರಿಸಿದ್ರು? ಸಿಟ್ಟು ಬಂದಾಗ ಎಲ್ಲಿ ಹೋಗ್ತಿದ್ದಿ? ಕೊನೆಯದ್ದಕ್ಕೆ ಜಾಸ್ತಿ ಹೊತ್ತು ಮಾತು ಬಂತು. ಸಿಟ್ಟು ಬಂದರೆ ಕೊಡ ತಗೊಂಡು ಬಾವಿಗೆ ಹೋಗುತ್ತಿದ್ದಳು, ಮನೆಯಲ್ಲಿ ನೀರು ತುಂಬಿದ್ದರೂ. ಇಂಥ ಮಾತೆಲ್ಲ ಸೊಸೆಯಂದಿರು ಮನೆಯಲ್ಲಿ ಇಲ್ಲದಾಗಲೇ. ಅವರು ಬಂದರೆ ಮತ್ತೆ ಮುತ್ಯಾ!

ಬರೆಯುವಾಗ ಇನ್ನೊಂದು ಎಡವಟ್ಟು ಮಾಡಿದೆ. "ಎಳಕೊಂಡೇ ಹೋಗ್ತಿದ್ನಿ" ಅನ್ನುವುದನ್ನು "ಎಳೆದುಕೊಂಡೇ ಹೋಗುತ್ತಿದ್ದೆ" ಮಾಡಿದೆ. ಓದಿ ಹೇಳಿದಾಗ ಆಯಿ ಮುಖ ಗಂಟು ಹಾಕಿದಳು. "ಇದು ಯಾರು ಮಾತಾಡ್ಯಾರ? ಮಾಸ್ತರ್ ಮಾತಾಡಿದಂಗ ಅದ." ರೆಕಾರ್ಡಿಂಗ್ ಹಚ್ಚಿ ನಲವತ್ತು ಪುಟ ಮೊದಲಿಂದ ಬರೆದೆ. ಬೆರಳು ನೋಯಿತು, ಆದರೆ ಓದಿದರೆ ಅವಳೇ ಎದುರು ಕೂತಂತಿತ್ತು.

ಮುತ್ಯಾನ ಮೂರು ದಿನದ ಕಥೆ ಕಡೆಗೆ ಎರಡು ಪುಟಕ್ಕೆ ಇಳಿಯಿತು. ಕತ್ತರಿ ಹಾಕಿಸಿದವಳೂ ಆಯಿಯೇ.

"ಅವರದು ಸಾಕು ಬಿಡು. ಬಾವೀದು ಬರಿ."