ಸಿಲಿಂಡರ್ ಹಿಂದಿನ ಸಂದು: ಹರಾಜಿನಲ್ಲಿ ವೆಬ್ಲಿ ಕೊಂಡ ನನ್ನ ಅನುಭವ

ನನ್ನ ಮೊದಲ ವೆಬ್ಲಿ ರಿವಾಲ್ವರ್ ಕೊಂಡದ್ದು ಪೈಜಾಮದಲ್ಲಿ ಕೂತು. ಮನೆಯ ಸೋಫಾ, ತೊಡೆ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಕಾಫಿ. ಹರಾಜು ನಡೆಯುತ್ತಿದ್ದದ್ದು ಎಲ್ಲೋ ನೂರಾರು ಮೈಲಿ ದೂರದಲ್ಲಿ. ಕ್ಯಾಟಲಾಗಿನ ಫೋಟೋ ಚೆನ್ನಾಗಿತ್ತು. ಬೆಲೆ ಕಡಿಮೆ ಇತ್ತು. ಗುಂಡಿ ಒತ್ತಿಬಿಟ್ಟೆ. ಯಾಕೆ ಕಡಿಮೆ ಅಂತ ಕೇಳಿಕೊಳ್ಳಲಿಲ್ಲ. ವಿವರಣೆಯ ಕೊನೆಯ ಸಾಲಿನಲ್ಲಿ ಬರೆದೇ ಇತ್ತು, ಸಿಲಿಂಡರನ್ನು .45 ಎಸಿಪಿ ಗುಂಡಿಗೆ ಹೊಂದುವಂತೆ ಬದಲಾಯಿಸಲಾಗಿದೆ ಅಂತ. ಓದಿದ್ದೆ. ಅರ್ಥ ಆಗಿರಲಿಲ್ಲ, ಅಷ್ಟೇ.

ವೆಬ್ಲಿ ಮಾರ್ಕ್ 6 ಅಂದರೆ 1915ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ರಿವಾಲ್ವರ್. ಆರು ಗುಂಡಿನದು. ನಡುವೆ ಮುರಿದಂತೆ ಬಾಗಿಸಿದರೆ ಖಾಲಿ ತೋಟಾಗಳೆಲ್ಲ ಒಟ್ಟಿಗೆ ಮೇಲೆದ್ದು ಬರುತ್ತವೆ. ಅದರ ಗುಂಡು .455. ಮುಂದೆ ಇವು ರಾಶಿಗಟ್ಟಲೆ ಅಮೆರಿಕಕ್ಕೆ ಬಂದಾಗ ಇಲ್ಲಿ .455 ಸಿಗುವುದೇ ಕಷ್ಟವಾಗಿತ್ತು. ಅಮೆರಿಕದ ಪಿಸ್ತೂಲಿನ ಗುಂಡು .45 ಎಸಿಪಿ ಮಾತ್ರ ಎಲ್ಲಾ ಅಂಗಡಿಯಲ್ಲೂ ಇತ್ತು. ಮಾರುವವರು ಸಿಲಿಂಡರಿನ ಹಿಂಬದಿಯನ್ನು ತುಸು ಕೆತ್ತಿ ತೆಗೆದರು. ಅರ್ಧಚಂದ್ರದ ತಗಡಿನ ಕ್ಲಿಪ್ಪಿಗೆ ಸಿಕ್ಕಿಸಿದ .45 ಗುಂಡು ಆಗ ಅದರಲ್ಲಿ ಕೂರುತ್ತದೆ. ಸಂಗ್ರಹ ಮಾಡುವವರ ಕಣ್ಣಿಗೆ ಇದು ಮೂಗು ಕೊಯ್ದ ಮುಖ. ಬೆಲೆ ಅಲ್ಲಿಗೇ ಬಿತ್ತು. ಅಪಾಯ ಬೇರೆ. ಫ್ಯಾಕ್ಟರಿಯ .45 ಎಸಿಪಿ ಗುಂಡಿನ ಒತ್ತಡ ಈ ಹಳೆಯ ರಿವಾಲ್ವರ್ ತಾಳುವಂಥದ್ದಲ್ಲ.

ವೆಬ್ಲಿಯೇ ಯಾಕೆ ಅಂದರೆ, ಕೊಡಗಿನ ನಮ್ಮ ಮನೆಯಲ್ಲಿ ಅಜ್ಜನ ಒಂದು ಫೋಟೋ ಇದೆ. ಸಮವಸ್ತ್ರ, ಸೊಂಟದಲ್ಲಿ ಚರ್ಮದ ಒರೆ, ಕೊರಳಿನಿಂದ ಒರೆಯ ತನಕ ಇಳಿದ ದಾರ. ಒಳಗಿದ್ದದ್ದು ವೆಬ್ಲಿ ಅಂತ ಅಪ್ಪ ಹೇಳುತ್ತಿದ್ದರು. ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನಿಗೆ ಇಂಥ ಹುಚ್ಚು ಹತ್ತಿದರೆ ಆಶ್ಚರ್ಯ ಏನಿಲ್ಲ.

ಆದರೆ ಹುಚ್ಚಿಗೂ ಕಾಗದ ಪತ್ರ ಬೇಕು. ಎಚ್-1ಬಿ ವೀಸಾದಲ್ಲಿ ಇದ್ದಷ್ಟು ದಿನ ನಾನು ಇದಕ್ಕೆ ಕೈ ಹಾಕಲೇ ಇಲ್ಲ. ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಇಲ್ಲಿನ ಕೇಂದ್ರ ಕಾನೂನಿನ ತಡೆ ಇದೆ. ವಿನಾಯಿತಿಗಳಿವೆ, ಆದರೆ ವೀಸಾ ಪಣಕ್ಕಿಟ್ಟು ಆಟ ಯಾಕೆ? ಗ್ರೀನ್ ಕಾರ್ಡ್ ಬಂದ ಮೇಲೆ ಸಂಗ್ರಹಕಾರರ ಲೈಸೆನ್ಸ್ ಮಾಡಿಸಿದೆ. ಬಂದೂಕುಗಳ ಉಸ್ತುವಾರಿ ನೋಡುವ ಕೇಂದ್ರದ ಎಟಿಎಫ್ ಇಲಾಖೆ ಕೊಡುತ್ತದೆ, ಮೂರು ವರ್ಷಕ್ಕೆ 30 ಡಾಲರ್. ಮೂಲ ರೂಪದಲ್ಲೇ ಇರುವ, 50 ವರ್ಷ ದಾಟಿದ ಬಂದೂಕುಗಳನ್ನು ಇದರ ಮೇಲೆ ಸ್ವಂತ ಸಂಗ್ರಹಕ್ಕೆ ನೇರವಾಗಿ ಕೊಳ್ಳಬಹುದು. ಕೊಂಡದ್ದು, ಕೊಟ್ಟದ್ದು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಲೈಸೆನ್ಸ್ ಇಲ್ಲದವರು ಡೀಲರ್ ಹತ್ತಿರ ಕೊಳ್ಳುವಾಗ ಸಾಮಾನ್ಯವಾಗಿ 4473 ನಂಬರಿನ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ದಾಟಬೇಕು. ಬೇರೆ ರಾಜ್ಯದ ಹರಾಜಾದರೆ ಮಾಲು ಮೊದಲು ತಮ್ಮ ರಾಜ್ಯದ ಡೀಲರ್ ಹತ್ತಿರ ಬರುತ್ತದೆ. 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಕೇಂದ್ರದ ಲೆಕ್ಕದಲ್ಲಿ ಪುರಾತನ ವಸ್ತು, ಈ ಫಾರಂ ಬೇಡ. ಅದಕ್ಕೇ ಆ ವರ್ಷದ ಆಚೆ ಈಚೆ ಇರುವ ಕೋಲ್ಟ್ ಕಂಪನಿಯ ಎರಡು ರಿವಾಲ್ವರ್‌ಗಳ ಬೆಲೆ ನೋಡಿದರೆ ನಗು ಬರುತ್ತದೆ. ರಾಜ್ಯಗಳ ಕಾನೂನು ಬೇರೆ ಬೇರೆ. ಇಲಿನಾಯ್‌ನಲ್ಲಿ ಬಂದೂಕು ಇಟ್ಟುಕೊಳ್ಳಲು ರಾಜ್ಯ ಕೊಡುವ ಫಾಯ್ಡ್ ಕಾರ್ಡ್ ಬೇಕು, ನಾನಿರುವ ಟೆಕ್ಸಸ್‌ನಲ್ಲಿ ಅಂಥದ್ದಿಲ್ಲ.

ಎರಡನೇ ಸಲ ಸೋಫಾ ಬಿಟ್ಟು ಎದ್ದೆ. ಡಲ್ಲಾಸ್ ಕಡೆಯ ಒಂದು ದೊಡ್ಡ ಹರಾಜಿಗೆ ಹಿಂದಿನ ದಿನವೇ ಹೋದೆ. ಆ ದಿನ ಮಾಲು ನೋಡುವುದಕ್ಕೇ ಮೀಸಲು. ಉದ್ದುದ್ದ ಮೇಜು, ಸಾಲು ಸಾಲು ಬಂದೂಕು. ಲಾಟ್ ನಂಬರ್, ಅಂದರೆ ಹರಾಜಿನ ಪಟ್ಟಿಯಲ್ಲಿ ಆ ಮಾಲಿನ ಸಂಖ್ಯೆ, ಹೇಳಿದರೆ ಅಲ್ಲಿನ ಹುಡುಗರು ತಂದು ಕೈಗೆ ಕೊಡುತ್ತಾರೆ. ಕೇಳದೆ ಟ್ರಿಗರ್ ಎಳೆಯಬಾರದು. ನಾನು ಒಯ್ದದ್ದು ಒಂದು ಪುಟ್ಟ ಟಾರ್ಚು, ಒಂದು ಭೂತಗನ್ನಡಿ, ಒಂದು ನೋಟ್‌ಬುಕ್ಕು.

ವೆಬ್ಲಿ ಕೈಗೆ ಬಂದ ಕೂಡಲೇ ಪಕ್ಕದಿಂದ ಬೆಳಕಿಗೆ ಹಿಡಿದೆ. ಸಿಲಿಂಡರಿನ ಹಿಂಭಾಗಕ್ಕೂ ಚೌಕಟ್ಟಿಗೂ ನಡುವೆ ಎಷ್ಟು ಸಂದು ಇದೆ? ಕೆತ್ತಿದ್ದರೆ ಬೆಳಕು ಢಾಳಾಗಿ ಹಾಯುತ್ತದೆ. ನನ್ನ ಮನೆಯಲ್ಲಿರುವುದರಲ್ಲಿ ಹಾಗೇ ಹಾಯುತ್ತದೆ, ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಆಗಿದೆ. ಇದರಲ್ಲಿ ಕೂದಲೆಳೆಯಷ್ಟು. ಆಮೇಲೆ ನಂಬರ್‌ಗಳು: ಚೌಕಟ್ಟಿನಲ್ಲಿ, ನಳಿಗೆಯಲ್ಲಿ, ಸಿಲಿಂಡರಿನಲ್ಲಿ ಒಂದೇ. ಚೌಕಟ್ಟಿನ ಎಡಗಡೆ 1917. ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನುವ ಬಾಣದ ಗುರುತು. ಎರಡು ಬಾಣ ಮೊನೆಗೆ ಮೊನೆ ತಾಗಿಸಿ ಒತ್ತಿದ್ದರೆ, ಸೈನ್ಯ ಅದನ್ನು ಮಾರಿಬಿಟ್ಟಿದೆ ಅಂತ. ಅದೂ ಇತ್ತು. ನಳಿಗೆಯೊಳಗೆ ಟಾರ್ಚ್ ಬಿಟ್ಟೆ. ಉಂಗುರದ ಹಾಗೆ ಕಪ್ಪು ನೆರಳು ಕಂಡರೆ ಯಾವತ್ತೋ ಗುಂಡು ಸಿಕ್ಕಿಕೊಂಡು ನಳಿಗೆ ಉಬ್ಬಿದೆ ಅಂತ ಲೆಕ್ಕ. ಅಂಥದ್ದು ಇರಲಿಲ್ಲ. ಒಂದು ಸ್ಕ್ರೂ ತಲೆ ಮಾತ್ರ ಯಾರೋ ಒರಟು ಕೈಯವರು ಕೆಡಿಸಿದ್ದರು.

ಅದೇ ಮೇಜಿನಲ್ಲಿ ಒಂದು ಹಳೆಯ ಸ್ಮಿತ್ ಆ್ಯಂಡ್ ವೆಸನ್ ಮಿಲಿಟರಿ ಆ್ಯಂಡ್ ಪೊಲೀಸ್ ರಿವಾಲ್ವರ್ ಇತ್ತು. ನಿಕಲ್ ಲೇಪನ, ಮದುಮಗಳ ಹಾಗೆ ಹೊಳೆಯುತ್ತಿತ್ತು. ಆಸೆ ಆಯ್ತು. ಗಮನಿಸಿದರೆ ಹ್ಯಾಮರು, ಟ್ರಿಗರು ಕೂಡ ಹೊಳೆಯುತ್ತಿವೆ. ಕಂಪನಿಯವರು ಸಾಮಾನ್ಯವಾಗಿ ಈ ಎರಡಕ್ಕೆ ನಿಕಲ್ ಹಾಕುತ್ತಿರಲಿಲ್ಲ, ಬಣ್ಣ ಬಣ್ಣದ ಛಾಯೆ ಬರುವ ಹಾಗೆ ಕಾಯಿಸಿ ಗಟ್ಟಿ ಮಾಡಿ ಬಿಡುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರಗಳ ಅಂಚು ಕರಗಿದೆ, ಸ್ಕ್ರೂ ತೂತಿನ ಸುತ್ತ ತಟ್ಟೆಯ ಹಾಗೆ ತಗ್ಗು. ಉಜ್ಜಿ ಉಜ್ಜಿ ಹೊಸದಾಗಿ ಲೇಪ ಹಾಕಿದ್ದು. ವಾಪಸ್ ಕೊಟ್ಟೆ. ಮಾಸಿದರೂ ಮೂಲ ಬಣ್ಣ ಇರುವುದೇ ನನಗೆ ಇಷ್ಟ.

ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನ ಮಟ್ಟಿಗೆ ಅಸಲಿ ಕೆಲಸ ಇದೇ. ಹರಾಜು ಕೂಗುವವರು ಸುತ್ತಿಗೆ ಕುಟ್ಟಿದ ಬೆಲೆ ನಾವು ಕೊಡುವ ಬೆಲೆ ಅಲ್ಲ. ಅದರ ಮೇಲೆ ಹರಾಜು ಮನೆಯವರ ಬಯರ್ಸ್ ಪ್ರೀಮಿಯಂ, ಅಂದರೆ ಕೊಳ್ಳುವವರಿಂದ ಅವರು ತೆಗೆದುಕೊಳ್ಳುವ ಕಮಿಷನ್, ಅಲ್ಲಿ ಅವತ್ತು ನೂರಕ್ಕೆ 18. ಅದೆಲ್ಲ ಸೇರಿದ ಮೊತ್ತದ ಮೇಲೆ ಮಾರಾಟ ತೆರಿಗೆ, ನೂರಕ್ಕೆ 8.25. ನನ್ನ ಕೈಯಲ್ಲಿ 2,000 ಡಾಲರ್ ಇತ್ತು. ಹಿಂದಕ್ಕೆ ಲೆಕ್ಕ ಹಾಕಿದರೆ ಸುಮಾರು 1,565. ಸಾವಿರ ದಾಟಿದ ಮೇಲೆ ಸವಾಲು ನೂರು ನೂರಾಗಿ ಏರುವುದರಿಂದ ನನ್ನ ಗಡಿ 1,500. ನೋಟ್‌ಬುಕ್ಕಿನಲ್ಲಿ ಬರೆದು ಸುತ್ತ ಗೆರೆ ಎಳೆದೆ.

ಮರುದಿನ ಹಾಲ್‌ನಲ್ಲಿ ಅರ್ಧ ಕುರ್ಚಿ ಖಾಲಿ. ಜನ ಇಂಟರ್ನೆಟ್ಟಿನಲ್ಲಿದ್ದಾರೆ, ಫೋನಿನಲ್ಲಿದ್ದಾರೆ, ಕೆಲವರು ಮೊದಲೇ ಚೀಟಿ ಬರೆದು ಕೊಟ್ಟಿದ್ದಾರೆ. ಊರಿನ ದೇವಸ್ಥಾನದ ಹರಾಜಿನ ಹಾಗೆ ‘ಒಂದು ಸಲ, ಎರಡು ಸಲ’ ಅಂತ ಎಳೆಯುವ ಪುರಸೊತ್ತು ಇಲ್ಲಿಲ್ಲ. ನಿಮಿಷಕ್ಕೆ ಎರಡು ಲಾಟ್ ಹಾರಿಹೋಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಒಂದು ಕೋಲ್ಟ್ ಲಾಟ್ ಬಂದಾಗ ಅದರ ಪುಟಗಟ್ಟಲೆ ಚರಿತ್ರೆ ತೋರಿಸಿ, ‘ಕಥೆಗೆ ದುಡ್ಡು ಕೊಡಬೇಡ, ಕೋವಿಗೆ ಕೊಡು’ ಅಂದರು. ಸರಿಯೇ. ಆದರೆ ಕಾಗದ ಗಟ್ಟಿಯಿದ್ದರೆ ಕಥೆಗೂ ಬೆಲೆ ಇದೆ. ಕುಖ್ಯಾತ ಪಾತಕಿ ಬಿಲ್ಲಿ ದಿ ಕಿಡ್‌ನನ್ನು ಕೊಂದ ಪ್ಯಾಟ್ ಗ್ಯಾರೆಟ್‌ನ ಕೋಲ್ಟ್ 2021ರಲ್ಲಿ ಲಾಸ್ ಏಂಜಲೀಸ್ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿತು. ಕಥೆ ತೆಗೆದರೆ ಅದೂ ಒಂದು ಹಳೆಯ ಕೋಲ್ಟ್ ತಾನೇ.

ನನ್ನ ಲಾಟ್ ಬಂದಾಗ ಬಾಯಿ ಒಣಗಿತ್ತು. 700ರಿಂದ ಶುರು. ನಾನು ಸುಮ್ನೆ ಕೂತೆ. ಸಾವಿರದ ತನಕ ಇಂಟರ್ನೆಟ್ಟಿನ ಇಬ್ಬರು ಹೊಡೆದಾಡಿಕೊಂಡರು. 1,100ಕ್ಕೆ ಫಲಕ ಎತ್ತಿದೆ. ಫೋನ್ ಮೇಜಿನಿಂದ 1,200. ಮತ್ತೆ ಎತ್ತಿದೆ, 1,300. ಫೋನ್ ಹಿಡಿದಿದ್ದ ಹುಡುಗಿ ಆ ಕಡೆಯವರಿಗೆ ಏನೋ ಪಿಸುಗುಟ್ಟಿ, ತಲೆ ಅಲ್ಲಾಡಿಸಿದಳು. ಸುತ್ತಿಗೆ ಬಿತ್ತು. ಅರ್ಧ ನಿಮಿಷವೂ ಆಗಿರಲಿಲ್ಲ.

ಆಮೇಲೊಂದು ಕಳ್ಳ ಧೈರ್ಯ ಬರುತ್ತದೆ ನೋಡಿ. ಗಡಿಯೊಳಗೇ ಸಿಕ್ಕಿತಲ್ಲ, ಉಳಿದದ್ದಕ್ಕೆ ಇನ್ನೊಂದು ಆಗಲಿ ಅನ್ನಿಸಿತು. ಫಲಕವನ್ನು ಕುರ್ಚಿಯ ಕೆಳಗೆ ಇಟ್ಟು, ಮೇಲೆ ಕೂತುಬಿಟ್ಟೆ.

ಬಿಲ್ಲು ಬಂದದ್ದು 1,660 ಡಾಲರ್ ಚಿಲ್ಲರೆ. ಲೈಸೆನ್ಸ್ ತೋರಿಸಿ ಅವತ್ತೇ ಮನೆಗೆ ತಂದೆ, ಪುಸ್ತಕದಲ್ಲಿ ಬರೆದೆ, ಕೆತ್ತಿದ ವೆಬ್ಲಿಯ ಪಕ್ಕದಲ್ಲೇ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟೆ. ರಾತ್ರಿ ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ತೋರಿಸಿದೆ. ಮೊದಲು ಕೇಳಿದ್ದು, ‘ಒಳಗೆ ಗುಂಡು ಇಲ್ಲ ತಾನೇ?’ ಬಾಗಿಸಿ ಖಾಲಿ ಸಿಲಿಂಡರ್ ತೋರಿಸಿದೆ. ಆಮೇಲೆ ‘ಎಷ್ಟು ಕೊಟ್ಟೆ?’ ಅಂದಳು. ಸುತ್ತಿಗೆ ಬೆಲೆ ಹೇಳಿದೆ, ಪ್ರೀಮಿಯಂ ಸುದ್ದಿ ಎತ್ತಲಿಲ್ಲ. 1,300ನ್ನೇ ರೂಪಾಯಿಗೆ ತಿರುಗಿಸಿ ನೋಡಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.