ಕುಣಿಯಬೇಕೋ ಕೂರಬೇಕೋ: ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತದ ಕಛೇರಿಗೆ ಹೊರಟವರಿಗೆ

ವಿದ್ಯುತ್ ಯಂತ್ರಗಳಿಂದ ಹೊಸ ಬಗೆಯ ಸದ್ದು, ಲಯಗಳನ್ನು ಹುಟ್ಟಿಸಿ ನೋಡುವ ಪ್ರಾಯೋಗಿಕ ಎಲೆಕ್ಟ್ರಾನಿಕ್ ಸಂಗೀತದ ಲೈವ್ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಜನ ಕಾಣುತ್ತಾರೆ. ಕೆಲವರು ಕೈಕಟ್ಟಿ, ಕಣ್ಣು ಮುಚ್ಚಿ ನಿಂತಿರುತ್ತಾರೆ. ಒಂದಿಬ್ಬರು ಮೈಮರೆತು ಕುಣಿಯುತ್ತಿರುತ್ತಾರೆ. ಉಳಿದವರು, ಅಂದರೆ ಹೆಚ್ಚಿನವರು, ಕುಣಿಯಲೂ ಆಗದೆ ಸುಮ್ಮನಿರಲೂ ಆಗದೆ ಒಂದು ಮೊಣಕಾಲನ್ನು ಮಾತ್ರ ಅಲ್ಲಾಡಿಸುತ್ತ ಅಕ್ಕಪಕ್ಕದವರನ್ನು ಓರೆಗಣ್ಣಿನಿಂದ ನೋಡುತ್ತಿರುತ್ತಾರೆ. ಈ ಬರಹ ಆ ಮೂರನೆಯ ಗುಂಪಿನವರಿಗಾಗಿ. ಕುಣಿಯಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಕುಣಿಯಬಹುದು ಎಂದೇ. ಆದರೆ ಕುಣಿಯುವ ಮೈಗೆ ಆ ಸಂಗೀತ ಕೇಳಿಸುತ್ತಿರಬೇಕು ಎಂಬ ಒಂದು ಷರತ್ತಿನ ಮೇಲೆ. ಆ ಷರತ್ತನ್ನು ಪೂರೈಸುವುದು ಹೇಗೆ ಎಂಬುದನ್ನೇ ಮುಂದೆ ವಿವರಿಸುತ್ತೇನೆ.

ಮೊದಲು ಈ ಮುಜುಗರ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಸಂಗೀತಕ್ಕೆ ಎರಡು ತವರುಮನೆಗಳಿವೆ ಮತ್ತು ಅವೆರಡರ ನಡವಳಿಕೆ ಒಂದಕ್ಕೊಂದು ಹೊಂದುವುದಿಲ್ಲ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೊದಲ್ಲಿ ಪಿಯೆರ್ ಶೇಫರ್ ಅವರು ರೈಲಿನ ಸದ್ದುಗಳನ್ನು ಮುದ್ರಿಸಿ, ಜೋಡಿಸಿ ಸಂಗೀತವಾಗಿಸಿದರು. 1956ರಲ್ಲಿ ಜರ್ಮನಿಯ ಕಲೋನಿನ ರೇಡಿಯೊ ಸ್ಟುಡಿಯೊದಲ್ಲಿ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸನ್ ಅವರು ಬಾಲಕನೊಬ್ಬನ ದನಿಯನ್ನು ವಿದ್ಯುತ್ತಿನಿಂದ ಹುಟ್ಟಿಸಿದ ಸ್ವರಗಳೊಂದಿಗೆ ಬೆಸೆದರು. ಇವುಗಳನ್ನು ಕೇಳಲು ಬಂದವರು ಕುರ್ಚಿಗಳಲ್ಲಿ ಸಾಲಾಗಿ ಕುಳಿತು ಕೇಳಿದರು. ಇನ್ನೊಂದು ತವರು 1980ರ ದಶಕದ ಅಮೆರಿಕದ ಷಿಕಾಗೊ ಮತ್ತು ಡೆಟ್ರಾಯಿಟ್. ಅಲ್ಲಿ ವಿದ್ಯುತ್ ಯಂತ್ರಗಳಿಂದಲೇ ಹೊರಟ ಸಂಗೀತ ರಾತ್ರಿಯಿಡೀ ಕುಣಿಯುವವರಿಗಾಗಿಯೇ ಹುಟ್ಟಿತು, ಬ್ರಿಟನ್ನಿಗೆ ದಾಟಿತು, 1989ರಲ್ಲಿ ಷೆಫೀಲ್ಡಿನಲ್ಲಿ ಆರಂಭವಾದ ವಾರ್ಪ್ ಎಂಬ ಧ್ವನಿಮುದ್ರಣ ಸಂಸ್ಥೆಯ ಕೈಯಲ್ಲಿ ಮತ್ತೆ ಮನೆಯೊಳಗೆ ಬಂದು ಕುಳಿತಿತು. ಆ ಸಂಸ್ಥೆ 1992ರಲ್ಲಿ ಹೊರತಂದ ಸಂಕಲನವೊಂದರ ಮುಖಪುಟದಲ್ಲಿ ಆರಾಮಕುರ್ಚಿಯ ಮೇಲೆ ಮೈಚಾಚಿದ ರೋಬಾಟ್ ಇದೆ. ಕುಣಿದು ದಣಿದು ಮನೆಗೆ ಬಂದವರು ಕುಳಿತು ಕೇಳಲಿ ಎಂಬುದೇ ಅದರ ಉದ್ದೇಶ.

ಎರಡು ತವರಿನವರೂ ಒಮ್ಮೆ ಮುಖಾಮುಖಿಯಾದದ್ದುಂಟು. 1995ರಲ್ಲಿ ಬ್ರಿಟನ್ನಿನ ಬಿಬಿಸಿ ರೇಡಿಯೊ ಏಫೆಕ್ಸ್ ಟ್ವಿನ್ ಮೊದಲಾದ ಯುವ ಕಲಾವಿದರ ಸಂಗೀತವನ್ನು ಸ್ಟಾಕ್‌ಹೌಸನ್ ಅವರಿಗೆ ಕೇಳಿಸಿತು. ಈ ಯುವಕರು ಒಂದೇ ಲಯವನ್ನು ಹೀಗೆ ಮತ್ತೆ ಮತ್ತೆ ಹೇಳುವುದನ್ನು ಬಿಡಬೇಕು, ತನ್ನ ಕೃತಿಯನ್ನು ಕೇಳಬೇಕು ಎಂದು ಆ ಹಿರಿಯರು ಸಲಹೆ ಕೊಟ್ಟರು. ಏಫೆಕ್ಸ್ ಟ್ವಿನ್ ಬಿಡಲಿಲ್ಲ: ಅವರೇ ನನ್ನ ಕೃತಿಯನ್ನು ಕೇಳಲಿ, ಕುಣಿಯಲು ಬಾರದ ವಿನ್ಯಾಸಗಳನ್ನು ಮಾಡುವುದನ್ನು ನಿಲ್ಲಿಸಲಿ ಎಂಬರ್ಥದ ಉತ್ತರ ಕೊಟ್ಟನು. ಇವತ್ತಿಗೂ ಸಭಾಂಗಣಗಳಲ್ಲಿ ಕೈಕಟ್ಟಿ ನಿಂತವನಿಗೂ ಕುಣಿಯುವವನಿಗೂ ನಡುವೆ ಮಾತಿಲ್ಲದೆ ನಡೆಯುವುದು ಇದೇ ಜಗಳ.

ಬಡಿತ ಒಂದೇ ಸಮನಾಗಿಲ್ಲದಿದ್ದರೆ ಅದು ಕುಣಿತಕ್ಕೆ ಅಲ್ಲವೇ ಅಲ್ಲ ಎಂದು ತೀರ್ಮಾನಿಸುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. 1994ರಲ್ಲಿ ಬ್ರಿಟನ್ನಿನ ಸರ್ಕಾರ ಬಯಲಿನ ರಾತ್ರಿ ಕುಣಿತಕೂಟಗಳನ್ನು ಹತ್ತಿಕ್ಕಲು ಕ್ರಿಮಿನಲ್ ಜಸ್ಟಿಸ್ ಕಾಯ್ದೆಯನ್ನು ತಂದಾಗ, ಮರುಕಳಿಸುವ ಬಡಿತಗಳ ಸರಣಿಯೇ ಪ್ರಧಾನವಾಗಿರುವ ಶಬ್ದ ಎಂಬ ವಿವರಣೆಯನ್ನು ಕಾನೂನಿನೊಳಗೇ ಸೇರಿಸಿತು. ಅದಕ್ಕೆ ಉತ್ತರವಾಗಿ ಆಟೆಕರ್ ಎಂಬ ಜೋಡಿ ಎಲ್ಲಿಯೂ ಬಡಿತ ಮರುಕಳಿಸದಂತೆ ಒಂದು ಕೃತಿಯನ್ನು ಹೆಣೆದು, ಅದನ್ನು ನುಡಿಸುವಾಗ ಪೊಲೀಸರು ಬಂದರೆ ಬಡಿತ ಮರುಕಳಿಸುತ್ತಿಲ್ಲ ಎಂದು ಹೇಳಲು ವಕೀಲರೊಬ್ಬರನ್ನೂ ಸಂಗೀತಶಾಸ್ತ್ರಜ್ಞರೊಬ್ಬರನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ ಎಂದು ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಡಿಜೆಗಳಿಗೆ ಸೂಚಿಸಿತು. ಅಂದರೆ ಆ ಡೊಂಕು ಲಯ ಹುಟ್ಟಿದ್ದೇ ಕುಣಿಯುವವರ ಹಕ್ಕಿನ ಪರವಾಗಿ.

ಈಗ ಕೆಲಸದ ಮಾತು. ಟಿಕೆಟ್ ಕೊಳ್ಳುವಾಗಲೇ ಅರ್ಧ ಉತ್ತರ ಸಿಗುತ್ತದೆ. ಆಸನಸಂಖ್ಯೆ ಇದ್ದರೆ ಕೂರಲು ಹೋಗುತ್ತಿದ್ದೀರಿ ಎಂದು ತಿಳಿಯಿರಿ. ಪ್ಯಾರಿಸ್ಸಿನಲ್ಲಿ 1974ರಲ್ಲಿ ಫ್ರಾಂಸ್ವಾ ಬೇಲ್ ಅವರು ರೂಪಿಸಿದ ಅಕೂಸ್ಮೋನಿಯಂ ಎಂಬ ಸ್ಪೀಕರುಗಳ ವಾದ್ಯವೃಂದದ ಬಗೆಯ ಕಾರ್ಯಕ್ರಮಗಳಲ್ಲಿ ಹತ್ತಾರು ಸ್ಪೀಕರುಗಳನ್ನು ಬೇರೆ ಬೇರೆ ದೂರ, ಎತ್ತರಗಳಲ್ಲಿಟ್ಟು ಶಬ್ದವನ್ನು ಮೂಲೆಯಿಂದ ಮೂಲೆಗೆ ಓಡಾಡಿಸುತ್ತಾರೆ. ಅಲ್ಲಿ ಚಲಿಸಬೇಕಾದದ್ದು ಶಬ್ದವಾದುದರಿಂದ ನೀವು ನಿಶ್ಚಲವಾಗಿದ್ದಷ್ಟೂ ಅದರ ಚಲನೆ ಸ್ಪಷ್ಟವಾಗುತ್ತದೆ. ಆಸನವಿಲ್ಲದ ಕಾರ್ಯಕ್ರಮವಾದರೆ ಹೊತ್ತನ್ನು ನೋಡಿ. ಬಾರ್ಸಿಲೋನಾದ ಸೋನಾರ್ ಎಂಬ ಸಂಗೀತ ಉತ್ಸವ ಬಹಳ ವರ್ಷ ಹಗಲಿನ ಮತ್ತು ರಾತ್ರಿಯ ಕಾರ್ಯಕ್ರಮಗಳನ್ನೇ ಬೇರೆ ಬೇರೆಯಾಗಿ ಇಟ್ಟುಕೊಂಡಿತ್ತು. ಇಳಿಹಗಲಿನಲ್ಲಿ ಕೇಳಲು ಬರುವವರ ಮೈಗೂ ನಡುರಾತ್ರಿಯ ನಂತರ ಬರುವವರ ಮೈಗೂ ವ್ಯತ್ಯಾಸವಿದೆ ಎಂಬುದು ಸಂಘಟಕರಿಗೆ ಗೊತ್ತು. ಕರಪತ್ರದಲ್ಲಿ ಆಲ್ಗೊರೇವ್ ಎಂಬ ಪದವಿದ್ದರೆ ಸಂಶಯವೇ ಬೇಡ. 2012ರ ಸುಮಾರಿಗೆ ಬ್ರಿಟನ್ನಿನಲ್ಲಿ ಶುರುವಾದ ಈ ಬಗೆಯ ಕೂಟದಲ್ಲಿ ಕಲಾವಿದರು ಎಲ್ಲರಿಗೂ ಕಾಣುವಂತೆ ಪರದೆಯ ಮೇಲೆ ಪ್ರೋಗ್ರಾಮಿನ ಸಾಲುಗಳನ್ನು ಬರೆಯುತ್ತ ಸಂಗೀತ ಹುಟ್ಟಿಸುತ್ತಾರೆ, ಮತ್ತು ಅದು ಕುಣಿಯಲೆಂದೇ ಇದೆ. ಬೆಂಗಳೂರಿನ ಕನ್ನಡಿಗರಲ್ಲಿ ಅನೇಕರಿಗೆ ಇದರಲ್ಲೊಂದು ತೊಡಕು ಉಂಟು: ಹಗಲೆಲ್ಲ ಕಚೇರಿಯಲ್ಲಿ ಕೋಡ್ ಓದಿದ ಕಣ್ಣು ಇಲ್ಲಿಯೂ ತಪ್ಪು ಹುಡುಕಲು ಹೊರಡುತ್ತದೆ. ಪರದೆಗೆ ಬೆನ್ನು ಮಾಡಿ ನಿಲ್ಲುವುದೇ ಅದಕ್ಕೆ ಮದ್ದು.

ಬೆಂಗಳೂರಿನಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಸಂಬಂಧಿಸಿದ 2005ರ ಆದೇಶದ ಪ್ರಕಾರ ಲೈವ್ ಸಂಗೀತ, ನೃತ್ಯಗಳಿಗೆ ಪೊಲೀಸ್ ಪರವಾನಗಿ ಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೀಗಾಗಿ ಪಬ್ ಒಂದರಲ್ಲಿ ಸಿಬ್ಬಂದಿ ಬಂದು ಕುಣಿಯಬೇಡಿ ಎಂದರೆ ಅದು ನಿಮ್ಮ ಅಭಿರುಚಿಯ ಬಗ್ಗೆ ಹೇಳಿದ ಮಾತಲ್ಲ. ಅವರೊಡನೆ ವಾದಕ್ಕೆ ಇಳಿಯದೆ ನಿಂತಲ್ಲೇ ತೂಗಾಡುವುದು ಲೇಸು.

ಒಳಗೆ ಹೋದ ಮೇಲೆ ಮೊದಲ ಹತ್ತು ನಿಮಿಷ ಕುಣಿಯಲೇಬೇಡಿ. ಪಾದಗಳನ್ನು ಸ್ವಲ್ಪ ಅಗಲಿಸಿ, ಮೊಣಕಾಲುಗಳನ್ನು ಸಡಿಲಬಿಟ್ಟು ನಿಂತು ಕೇಳಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಸಂಗೀತದಲ್ಲಿ ನೆಲ ನಿಜವಾಗಿಯೂ ಡೊಂಕು, ಆದ್ದರಿಂದ ಡೊಂಕು ಎಲ್ಲಿದೆ ಎಂದು ಮೊದಲು ತಡವಿ ನೋಡಬೇಕಾಗುತ್ತದೆ. ಹೊಸಬರು ಮಾಡುವ ತಪ್ಪು ಒಂದೇ: ಮೇಲ್ಪದರದಲ್ಲಿ ಪಟಪಟನೆ ಸಿಡಿಯುವ ಸಣ್ಣ ಸದ್ದುಗಳ ಬೆನ್ನು ಹತ್ತುತ್ತಾರೆ, ಎರಡು ನಿಮಿಷದಲ್ಲಿ ದಣಿದು, ಇದಕ್ಕೆ ತಾಳವೇ ಇಲ್ಲ ಎಂದು ಕೈಚೆಲ್ಲುತ್ತಾರೆ. ಅವನ್ನು ಬಿಟ್ಟು ತಳದಲ್ಲಿರುವ ಬೇಸ್, ಅಂದರೆ ಮಂದ್ರದ ಗುಡುಗು ಸದ್ದು, ಎಷ್ಟು ಹೊತ್ತಿಗೊಮ್ಮೆ ಮೊದಲಿದ್ದಲ್ಲಿಗೆ ಮರಳಿ ಬರುತ್ತದೆ ಎಂಬುದನ್ನು ಗಮನಿಸಿ, ಆ ಅವಧಿಯನ್ನು ಬೆರಳಿನ ಮೇಲೆ ಎಣಿಸಿ.

ಇಲ್ಲಿ ಕರ್ನಾಟಕ ಸಂಗೀತದ ಗಾಳಿ ಸೋಕಿದವರಿಗೆ ದೊಡ್ಡ ಅನುಕೂಲವಿದೆ. ನಾಲ್ಕರ ಲೆಕ್ಕದಲ್ಲೇ ಬೆಳೆದ ಕುಣಿತದ ಅಂಗಳದವರಿಗೆ ಐದು, ಏಳು ಎಣಿಕೆಗಳಿಗೊಮ್ಮೆ ಮರಳುವ ಆವರ್ತ ಒಗಟಿನಂತೆ ಕಾಣುತ್ತದೆ. ನಮ್ಮ ಮನೆಯ ಅಜ್ಜಿಗೆ ಅವು ಖಂಡಛಾಪು, ಮಿಶ್ರಛಾಪು ಎಂಬ ಪರಿಚಿತ ತಾಳಗಳು. ಏಳರ ಆವರ್ತ ಬಂದಾಗ ಮನಸ್ಸಿನಲ್ಲೇ ತಕಿಟ ತಕಧಿಮಿ ಎಂದು ಹೇಳಿಕೊಳ್ಳಿ. ತಕಿಟ ಎನ್ನುವಾಗ ದೇಹದ ಭಾರವನ್ನು ಎಡಗಾಲಿಗೆ ಬಿಡಿ, ತಕಧಿಮಿ ಎನ್ನುವಾಗ ಬಲಗಾಲಿಗೆ. ಎಡಕ್ಕೆ ಗಿಡ್ಡ, ಬಲಕ್ಕೆ ಉದ್ದ ಎಂಬ ಈ ತೂಗಾಟ ಐದಾರು ಆವರ್ತಗಳಲ್ಲಿ ಮೈಗೆ ಹತ್ತುತ್ತದೆ. ಐದಕ್ಕೆ ತಕ ತಕಿಟ, ಅದೇ ಕ್ರಮ. ಕೆಲವೊಮ್ಮೆ ಒಂದು ಪದರ ನಾಲ್ಕರಲ್ಲಿ, ಇನ್ನೊಂದು ಐದರಲ್ಲಿ ನಡೆಯುತ್ತಿದ್ದು ಎರಡೂ ಇಪ್ಪತ್ತು ಎಣಿಕೆಗೊಮ್ಮೆ ಮಾತ್ರ ಕೂಡುತ್ತವೆ. ಆಗ ಪಾದಗಳನ್ನು ಒಂದಕ್ಕೆ ಒಪ್ಪಿಸಿ, ಭುಜ ಅಥವಾ ತಲೆಯನ್ನು ಇನ್ನೊಂದಕ್ಕೆ ಬಿಡಿ. ಇಪ್ಪತ್ತರ ಕೂಡುತಾಣದಲ್ಲಿ ಎರಡೂ ಒಟ್ಟಿಗೆ ಬಂದಿಳಿದಾಗ ಸಿಗುವ ಸುಖ ಮೃದಂಗದ ಮುಕ್ತಾಯ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದಾಗ ಸಿಗುವಂಥದ್ದೇ. ಎಣಿಕೆ ತಪ್ಪಿದರೆ ನಿಲ್ಲಿ, ಮತ್ತೆ ಕೇಳಿ, ಮತ್ತೆ ಹಿಡಿಯಿರಿ. ಲಯ ಒಮ್ಮೆ ಓಡುತ್ತ, ಒಮ್ಮೆ ಕುಂಟುತ್ತ ಹೋಗುವಂಥದ್ದಾದರೆ ಹೆಜ್ಜೆ ಹಾಕುವುದನ್ನೇ ಬಿಟ್ಟು ಮೊಣಕಾಲಿನಲ್ಲಿ ಮಾತ್ರ ಚಲನೆಯನ್ನು ಉಳಿಸಿಕೊಳ್ಳಿ.

ನನ್ನದೊಂದು ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸಭಾಂಗಣದಲ್ಲಿ ನನ್ನ ಮುಂದೆ ಕುಣಿಯುತ್ತಿದ್ದ ಹುಡುಗನ ಭುಜ ತಟ್ಟಿ, ಸ್ವಲ್ಪ ಸುಮ್ಮನೆ ನಿಲ್ಲಪ್ಪ, ಕೇಳಬೇಕು ಎಂದೆ. ಅವನು ಮರುಮಾತಾಡದೆ ನಿಂತ. ಅವನು ನಿಂತ ಮೇಲೆ ನನಗೆ ಲೆಕ್ಕ ಕೈತಪ್ಪಿತು. ಅಲ್ಲಿಯವರೆಗೆ ಏಳರ ಆವರ್ತವನ್ನು ನಾನು ಹಿಡಿದದ್ದು ಅವನ ಬೆನ್ನನ್ನು ನೋಡಿ ಎಂಬುದು ಆಮೇಲೆ ತಿಳಿಯಿತು. ಮತ್ತೆ ಕುಣಿ ಎಂದು ಹೇಳಲು ನಾಚಿಕೆಯಾಯಿತು.

ಹಾಗೆಂದು ಕುಣಿತದಿಂದ ಕಿರಿಕಿರಿಯೇ ಆಗುವುದಿಲ್ಲ ಎಂದಲ್ಲ. ರಾಮನವಮಿಯ ಚಪ್ಪರದಲ್ಲಿ ಪಕ್ಕದವರು ತೊಡೆಯ ಮೇಲೆ ತಪ್ಪು ತಾಳ ಹಾಕುತ್ತಿದ್ದರೆ ಹಾಡುವವರ ಕಡೆ ಕಿವಿ ನಿಲ್ಲುವುದೇ ಇಲ್ಲವಲ್ಲ, ಅದೇ ಸಂಕಟ ಇಲ್ಲಿಯೂ. ನಿಮ್ಮ ಕುಣಿತ ನಿಮ್ಮ ಮೊಣಕೈಯ ಅಳತೆಯೊಳಗೆ ಇರಲಿ, ಕಾಲು ನೆಲಕ್ಕೆ ಸದ್ದಾಗುವಂತೆ ಬೀಳದಿರಲಿ, ಶಿಳ್ಳೆ ಕೂಗುಗಳನ್ನು ಕಲಾವಿದರೇ ಬಯಸಿದಂತೆ ಕಂಡಾಗಷ್ಟೇ ಹಾಕಿ. ಆಟೆಕರ್ ಜೋಡಿ ದೀಪಗಳನ್ನೆಲ್ಲ ಆರಿಸಿ ಕತ್ತಲೆಯಲ್ಲೇ ನುಡಿಸುವುದು ರೂಢಿ. ಅಂಥ ಕಡೆ ನಾಚಿಕೆ ಸ್ವಭಾವದವರಿಗೆ ಯಾರೂ ನೋಡುವುದಿಲ್ಲ ಎಂಬ ಧೈರ್ಯ ಸಿಗುತ್ತದೆ, ಆದರೆ ಪಕ್ಕದವರ ಮೂಗು ಎಲ್ಲಿದೆ ಎಂಬುದು ನಿಮಗೂ ಕಾಣುವುದಿಲ್ಲ. ಅಲ್ಲಿ ಮೊಬೈಲ್ ತೆಗೆಯುವವರು ಕುಣಿಯುವವರಿಗಿಂತ ನೂರು ಪಾಲು ಹೆಚ್ಚಿನ ಉಪದ್ರವ, ಮತ್ತು ಮಾತಾಡುತ್ತಲೇ ಇರುವವರು ಅವರಿಗಿಂತಲೂ ಹೆಚ್ಚು.

ಎಲ್ಲಿ ನಿಲ್ಲಬೇಕೆಂಬುದನ್ನೂ ಯೋಚಿಸಿ. ಎಲ್ಲ ಪದರಗಳೂ ಸಮತೂಕದಲ್ಲಿ ಕೇಳುವುದು ಸಾಮಾನ್ಯವಾಗಿ ಶಬ್ದಗಳನ್ನು ಬೆರೆಸುವ ಮಿಕ್ಸರ್ ಇಟ್ಟಿರುವ ಮೇಜಿನ ಆಸುಪಾಸಿನಲ್ಲಿ, ಏಕೆಂದರೆ ಶಬ್ದವನ್ನು ಹದಗೊಳಿಸುವವರು ಅಲ್ಲಿ ನಿಂತು ಹದಗೊಳಿಸಿರುತ್ತಾರೆ. ಕೇಳುವುದಕ್ಕೇ ಬಂದವರು ಅಲ್ಲಿ ಸೇರುತ್ತಾರಾದ್ದರಿಂದ ಕುಣಿಯುವವರು ಸ್ವಲ್ಪ ಆಚೆ ಸರಿಯುವುದು ಮರ್ಯಾದೆ. ಬೇಸ್ ಮಾತ್ರ ಬೇರೆ ಲೆಕ್ಕ. 50 ಹರ್ಟ್ಸಿನ, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ, ಶಬ್ದದ ಅಲೆ ಗಾಳಿಯಲ್ಲಿ ಸುಮಾರು 7 ಮೀಟರ್ ಉದ್ದವಿರುತ್ತದೆ. ಗೋಡೆಗೆ ಬಡಿದು ಹಿಂದಿರುಗಿದ ಅಲೆಯೊಂದಿಗೆ ಅದು ಕೂಡಿ ಕೋಣೆಯ ಕೆಲವೆಡೆ ಬಲವಾಗುತ್ತದೆ, ಕೆಲವೆಡೆ ಸೊರಗುತ್ತದೆ, ಗೋಡೆ ಮೂಲೆಗಳ ಬಳಿ ದಟ್ಟವಾಗುತ್ತದೆ. ತಳದ ಬಡಿತ ಸಿಗುತ್ತಿಲ್ಲ ಎನ್ನಿಸಿದರೆ ಸಂಗೀತವನ್ನು ಬೈಯುವ ಮೊದಲು ಎರಡು ಮೂರು ಹೆಜ್ಜೆ ಪಕ್ಕಕ್ಕೆ ಹೋಗಿ ನೋಡಿ.

ಕಿವಿಗೆ ಇಯರ್‌ಪ್ಲಗ್ ಇರಲಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ಕೇಳಬಹುದು ಎಂಬ ಲೆಕ್ಕವನ್ನು ಹಿಡಿದರೆ, ಪ್ರತಿ 3 ಡೆಸಿಬೆಲ್ ಏರಿಕೆಗೂ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತ 100 ಡೆಸಿಬೆಲ್‌ಗೆ ಕಾಲು ಗಂಟೆ ಮಾತ್ರ ಉಳಿಯುತ್ತದೆ. ಹತ್ತಿ ತುರುಕಿಕೊಂಡರೆ ಹೆಚ್ಚಿನ ಪ್ರಯೋಜನವಿಲ್ಲ.

ಕುಣಿಯಬಾರದ ಸಂದರ್ಭಗಳೂ ಇವೆ. ಫ್ರಾನ್ಸಿನ ಸಂಗೀತ ರಚನೆಗಾರ್ತಿ ಎಲಿಯಾನ್ ರಾಡಿಗ್ ಅವರು ಎಆರ್‌ಪಿ 2500 ಎಂಬ ಸಿಂಥಸೈಜರಿನಿಂದ, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಯಂತ್ರದಿಂದ, ಕಟ್ಟಿದ ದೀರ್ಘ ನಾದದ ಕೃತಿಗಳಂಥವುಗಳಲ್ಲಿ ಬದಲಾವಣೆ ಎಷ್ಟು ಮೆಲ್ಲಗೆ ಬರುತ್ತದೆಂದರೆ, ಅದು ಬಂದದ್ದು ಬಂದು ಕೆಲವು ನಿಮಿಷಗಳಾದ ಮೇಲೆ ನಮಗೆ ಅರಿವಾಗುತ್ತದೆ. ಅಲ್ಲಿ ಮರದ ನೆಲದ ಮೇಲೆ ಒಂದು ಹೆಜ್ಜೆಯ ಸದ್ದೂ ಕೃತಿಯೊಳಗೆ ಬಂದು ಬೀಳುತ್ತದೆ. ಜಾಗವಿದ್ದರೆ ಗೋಡೆಗೆ ಒರಗಿ ಕುಳಿತು, ಹಾಸಿದ್ದರೆ ಮಲಗಿ, ತಂಬೂರಿಯನ್ನು ಕೇಳುವಂತೆ ಉಸಿರಿನ ಅಳತೆಯಲ್ಲಿ ಕೇಳಿ. ಇದಕ್ಕೆ ವಿರುದ್ಧವಾಗಿ, ಮೂವತ್ತು ಜನರಿರುವ ಕೋಣೆಯಲ್ಲಿ ಬಡಿತ ಸ್ಪಷ್ಟವಾಗಿದ್ದೂ ಯಾರೂ ಕದಲದಿದ್ದರೆ, ಅವರಲ್ಲಿ ಬಹುತೇಕರು ಇನ್ನೊಬ್ಬರು ಶುರುಮಾಡಲಿ ಎಂದು ಕಾಯುತ್ತಿರುತ್ತಾರೆ. ಹಿಂದಿನ ಸಾಲಿನಿಂದ ಶುರುಮಾಡಿ. ನೋಟಕ್ಕೆ ಅಡ್ಡವಾಗುವುದಿಲ್ಲ, ಸೇರುವವರು ತಾವಾಗಿ ಸೇರುತ್ತಾರೆ. ಯಾರಾದರೂ ತೊಂದರೆಯಾಗುತ್ತಿದೆ ಎಂದು ಹೇಳಿದರೆ ಕುಣಿತವನ್ನು ನಿಲ್ಲಿಸಬೇಕಿಲ್ಲ, ಜಾಗ ಬದಲಿಸಿದರೆ ಸಾಕು.

ಕೊನೆಯದಾಗಿ ಚಪ್ಪಾಳೆ. ಈ ಸಂಗೀತದಲ್ಲಿ ಮುಕ್ತಾಯ ಎಲ್ಲಿ ಎಂಬುದು ಎಷ್ಟೋ ಸಲ ಗೊತ್ತಾಗುವುದಿಲ್ಲ. ಶಬ್ದ ನಿಂತಂತಾಗಿ ಅರ್ಧ ನಿಮಿಷದ ಮೇಲೆ ಮತ್ತೆ ಏಳಬಹುದು. ಕುಣಿಯುತ್ತಿದ್ದವರು ನಿಂತಲ್ಲೇ ನಿಲ್ಲಿ, ಕಲಾವಿದರು ಯಂತ್ರದಿಂದ ಕೈ ತೆಗೆದು ತಲೆ ಎತ್ತುವವರೆಗೆ ಕಾಯಿರಿ, ಆಮೇಲೆ ತಟ್ಟಿ.